ಗೇರ್‌ಬಾಕ್ಸ್: ಬಿಚ್ಚಿ ನೋಡದೆ ತೀರ್ಪು ಬೇಡ

ಚಡಾವು ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಇನ್ನೊಂದು ಕಾರಿನಲ್ಲಿ ಮೂರನೇ ಗೇರ್ ಹಾಕಿದಾಗಲೆಲ್ಲ ಕರಕರ ಸದ್ದು. ಮತ್ತೊಂದು ಆಟೊಮ್ಯಾಟಿಕ್ ಕಾರು ಸಿಗ್ನಲ್ ಬಿಟ್ಟ ಕೂಡಲೇ ಗಡಗಡ ನಡುಗಿ, ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತಿಸಿಕೊಂಡು, ಒಂದೇ ಗೇರಿಗೆ ಅಂಟಿ ಕೂರುತ್ತದೆ. ತಕರಾರು ಮೂರು ಬಗೆಯದಾದರೂ ಸರ್ವಿಸ್ ಸೆಂಟರಿನಲ್ಲಿ ಸಿಗುವ ಉತ್ತರ ಬಹಳ ಸಲ ಒಂದೇ: ‘ಗೇರ್‌ಬಾಕ್ಸ್ ಹೋಗಿದೆ ಸಾರ್, ಅಸೆಂಬ್ಲಿ ಚೇಂಜ್ ಮಾಡ್ಬೇಕು.’ ಎಸ್ಟಿಮೇಟ್ ಕೈಗೆ ಬಂದ ರಾತ್ರಿ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ರಿಪೇರಿ ಮಾಡಿಸುವುದೋ, ಬೇರೆ ಗೇರ್‌ಬಾಕ್ಸ್ ಕೂರಿಸುವುದೋ, ಕಾರನ್ನೇ ಕೊಟ್ಟು ಹೊಸದು ತರುವುದೋ?

ಈ ಚರ್ಚೆ ಒಂದು ಹೆಜ್ಜೆ ಮೊದಲೇ ಶುರುವಾಗಿಬಿಡುತ್ತದೆ ಎಂಬುದೇ ನನ್ನ ಆಕ್ಷೇಪ. ಕೆಟ್ಟಿರುವುದು ಯಾವ ಭಾಗ ಎಂದು ಇನ್ನೂ ಯಾರೂ ಕಣ್ಣಾರೆ ನೋಡಿರುವುದಿಲ್ಲ. ನೋಡದೆ ಬರೆದ ಎಸ್ಟಿಮೇಟ್ ಮುಂದಿಟ್ಟುಕೊಂಡು ಲಕ್ಷ ರೂಪಾಯಿಯ ತೀರ್ಮಾನ ಆಗಿಹೋಗುತ್ತದೆ. ಎರಡು ಸಾವಿರವೋ ಐದು ಸಾವಿರವೋ ಕೊಟ್ಟು, ಏನು ಕೆಟ್ಟಿದೆ ಎಂದು ಹುಡುಕಿಸುವುದನ್ನೇ ಒಂದು ಪ್ರತ್ಯೇಕ ಕೆಲಸವಾಗಿ ಮಾಡಿಸಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. ‘ನೋಡೋಕೂ ದುಡ್ಡಾ?’ ಎನ್ನುತ್ತೇವೆ. ಈ ಇಡೀ ವ್ಯವಹಾರದಲ್ಲಿ ಅತ್ಯಂತ ಸಾರ್ಥಕವಾಗಿ ಖರ್ಚಾಗುವ ಹಣ ಅದೊಂದೇ.

ಗೇರ್‌ಬಾಕ್ಸ್ ಇಳಿಸುವ ಮೊದಲೇ ಹೊರಗಿನಿಂದ ತಿಳಿಯುವುದು ಬೇಕಾದಷ್ಟಿದೆ. ಮ್ಯಾನ್ಯುವಲ್ ಕಾರನ್ನೇ ತೆಗೆದುಕೊಳ್ಳಿ. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಟ್ಟು ಕಿವಿಗೊಡಿ. ಕ್ಲಚ್ ಒತ್ತದೆ ಇದ್ದಾಗ ಗುರ್ ಎನ್ನುವ ಸದ್ದು ಬಂದು, ಒತ್ತಿದ ಕೂಡಲೇ ನಿಂತರೆ ಅನುಮಾನ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೆ. ಒತ್ತಿದಾಗಲೇ ಸದ್ದು ಶುರುವಾದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್. ಗೇರ್‌ಬಾಕ್ಸಿನ ಒಳಗಿನ ಕಾಯಿಲೆಯೇ ಅಲ್ಲ. ಒಂದೇ ಒಂದು ಗೇರ್ ಬೀಳುವಾಗ ಕರಕರ ಎಂದರೆ ಆ ಗೇರಿನ ಸಿಂಕ್ರೊನೈಸರ್ ರಿಂಗ್ ಸವೆದಿರಬೇಕು. ಎಲ್ಲ ಗೇರ್‌ಗಳೂ ಬಿಗಿಯಾಗಿ, ರಿವರ್ಸ್ ಹಾಕುವಾಗ ಕಿರುಚಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಆಗ ನೋಡಬೇಕಾದದ್ದು ಕ್ಲಚ್ ಕೇಬಲ್ಲನ್ನು, ಇಲ್ಲವೇ ಹೈಡ್ರಾಲಿಕ್ ಸಿಲಿಂಡರನ್ನು. ಮೊದಲ ಉದಾಹರಣೆಯ ಚಡಾವಿನ ಕಾರನ್ನು ಸಮತಟ್ಟು ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ನಿಧಾನವಾಗಿ ಓಡಿಸಿ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಏರದಿದ್ದರೆ ಸವೆದಿರುವುದು ಕ್ಲಚ್ ಪ್ಲೇಟ್. ಸಣ್ಣ ಪೆಟ್ರೋಲ್ ಕಾರಾದರೆ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಕೂಲಿ ಎಲ್ಲ ಸೇರಿ ಹೊರಗಿನ ಗ್ಯಾರೇಜಿನಲ್ಲಿ ಹತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುವ ಕೆಲಸ. ಹಾಫ್ ಕ್ಲಚ್ಚಿನಲ್ಲೇ ದಿನ ದೂಡುವ ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯ ಕಾರುಗಳಲ್ಲಿ ಇದು ಸರ್ವೇಸಾಮಾನ್ಯ.

ಆಟೊಮ್ಯಾಟಿಕ್ ಕಾರುಗಳಲ್ಲಿ ಎಲ್ಲರೂ ಸ್ಕ್ಯಾನರ್ ಹಚ್ಚುತ್ತಾರೆ. ಪರದೆಯ ಮೇಲೆ ಪಿ0700 ಎಂಬ ಕೋಡ್ ಮೂಡಿತೆಂದರೆ ‘ಗೇರ್‌ಬಾಕ್ಸ್ ಫೇಲ್’ ಎಂದು ಓದುವವರಿದ್ದಾರೆ. ಆ ಕೋಡ್ ತಿಳಿಸುವುದು ಇಷ್ಟೇ: ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ತೊಂದರೆಯನ್ನು ದಾಖಲಿಸಿದೆ, ವಿವರ ಅಲ್ಲಿ ನೋಡಿ. ವಿವರದ ಕೋಡ್ ಸಿಕ್ಕ ಮೇಲೂ ತೀರ್ಪು ಸಿಕ್ಕಂತಲ್ಲ. ಟಾರ್ಕ್ ಕನ್ವರ್ಟರ್ ಕ್ಲಚ್ಚಿಗೆ ಸಂಬಂಧಿಸಿದ ಪಿ0741 ಕೋಡ್ ಬರಲು ಸವೆದ ಕನ್ವರ್ಟರ್ ಕಾರಣವಿರಬಹುದು, ಕೆಟ್ಟ ಸೊಲೆನಾಯ್ಡ್ ಇರಬಹುದು, ಕೊಳೆಯಾದ ಆಯಿಲ್ ಇರಬಹುದು, ತುಕ್ಕು ಹಿಡಿದ ವೈರಿಂಗ್ ಇರಬಹುದು. ಒಂದು ತುದಿಯ ಖರ್ಚಿಗೂ ಇನ್ನೊಂದು ತುದಿಯ ಖರ್ಚಿಗೂ ಅಜಗಜಾಂತರ. ಬ್ಯಾಟರಿ ಸೋತರೂ ಕೆಲವು ಗೇರ್‌ಬಾಕ್ಸ್‌ಗಳು ಹುಚ್ಚಾಟ ಆಡುತ್ತವೆ. ಎಂಜಿನ್ ಮೌಂಟಿಂಗ್ ಹರಿದಿದ್ದರೆ ಗೇರ್ ಬದಲಾದಾಗಲೆಲ್ಲ ಧಡ್ ಎಂದು ಜರ್ಕ್ ಬರುತ್ತದೆ. ದೂರು ಮಾತ್ರ ಗೇರ್‌ಬಾಕ್ಸಿನ ಮೇಲೆ.

ಹೊರಗಿನ ಕಾರಣ ಯಾವುದೂ ಅಲ್ಲ ಎಂದಾದ ಮೇಲೆ ಬಿಚ್ಚಬೇಕು. ಮೈಸೂರಿನ ಹಳೆಯ ಗ್ಯಾರೇಜೊಂದರಲ್ಲಿ, ಮೂರನೇ ಗೇರಿಗೆ ಕರಕರ ಎನ್ನುತ್ತಿದ್ದ ಕಾರಿನ ಐದು ಗೇರಿನ ಮ್ಯಾನ್ಯುವಲ್ ಬಾಕ್ಸ್ ಬಿಚ್ಚುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆಯಿಲ್ ಇಳಿಸಿದ ಕೂಡಲೇ ಮೇಸ್ತ್ರಿ ಮಾಡಿದ ಮೊದಲ ಕೆಲಸ ಡ್ರೈನ್ ಬೋಲ್ಟನ್ನು ಬೆಳಕಿಗೆ ಹಿಡಿದದ್ದು. ಅದರ ತುದಿಯಲ್ಲಿ ಅಯಸ್ಕಾಂತ. ಅದಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿತ್ತು. ಬೆರಳಲ್ಲಿ ತೀಡಿ ನೋಡಿ, ‘ಇದು ಇರೋದೇ ಸಾರ್, ಚೂರು ಸಿಕ್ಕಿದ್ರೆ ಭಯ ಬೀಳ್ಬೇಕು’ ಎಂದರು. ಗೇರ್‌ಗಳು ವರ್ಷಗಟ್ಟಲೆ ಉಜ್ಜಿ ಉದುರಿದ ಪುಡಿ ಸಹಜ; ಹಲ್ಲಿನ ಚಕ್ಕೆಯೋ ಬೇರಿಂಗಿನ ಸಿಪ್ಪೆಯೋ ಸಿಕ್ಕರೆ ಕಥೆ ಬೇರೆ. ಆಮೇಲೆ ಕೇಸಿಂಗ್ ಬಿಡಿಸಿ ಶಾಫ್ಟ್‌ಗಳನ್ನು ಹೊರತೆಗೆದು ಒಂದೊಂದೇ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಕೈಯಲ್ಲಿ ತಿರುಗಿಸಿದರು. ಮೂರು ನುಣುಪಾಗಿ ತಿರುಗಿದವು. ನಾಲ್ಕನೆಯದು ಬೆರಳಿಗೆ ತಡೆ ಕೊಟ್ಟಿತು.

ಮೂರನೇ ಗೇರಿನ ಸಿಂಕ್ರೊ ರಿಂಗ್ ಹಿತ್ತಾಳೆಯದು, ಅಂಗೈ ತುಂಬುವ ಬಳೆಯಷ್ಟು. ಅದರ ಒಳಮೈಯಲ್ಲಿ ಸೂಕ್ಷ್ಮವಾದ ಗೆರೆಗಳಿರುತ್ತವೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳು ಹಲ್ಲು ಕಚ್ಚುವ ಮೊದಲು ಈ ರಿಂಗು ಗೇರಿನ ಕೋನಾಕಾರದ ಮೈಗೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡಬೇಕು. ಗೆರೆಗಳು ನಡುವಿನ ಆಯಿಲನ್ನು ಕತ್ತರಿಸಿ ಹಿಡಿತ ಕೊಡುತ್ತವೆ. ಈ ರಿಂಗಿನಲ್ಲಿ ಗೆರೆಗಳೆಲ್ಲ ಸವೆದು ಒಳಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಸ್ತ್ರಿ ಅದನ್ನು ಗೇರಿನ ಮೇಲೆ ಒತ್ತಿ ಹಿಡಿದು, ನಡುವಿನ ಸಂದಿಗೆ ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಲು ಹೋದರು. ಹೋಗಲಿಲ್ಲ. ಸಂದಿ ಉಳಿದಿರಲೇ ಇಲ್ಲ. ಕರಕರ ಸದ್ದಿಗೆ ಕಾರಣ ಆ ಒಂದು ರಿಂಗು. ಬದಲಾದದ್ದು ಆ ರಿಂಗು, ತಡೆ ಕೊಟ್ಟ ಬೇರಿಂಗು, ಆಯಿಲ್ ಸೀಲ್‌ಗಳು, ಒಂದು ಗ್ಯಾಸ್ಕೆಟ್. ಗೇರ್‌ಗಳ ಹಲ್ಲು ಗಟ್ಟಿಯಾಗಿದ್ದವು. ಅಲ್ಯೂಮಿನಿಯಂ ಕೇಸಿಂಗಿಗೆ ಏನೂ ಆಗಿರಲಿಲ್ಲ. ಅದೇ ಕಾರನ್ನು ಮೊದಲು ನೋಡಿದ್ದ ಇನ್ನೊಂದು ಕಡೆ ಬಾಕ್ಸ್ ಪೂರ್ತಿ ಬದಲಾಯಿಸಲು ಬರೆದುಕೊಟ್ಟಿದ್ದರು.

ಮ್ಯಾನ್ಯುವಲ್ ಗೇರ್‌ಬಾಕ್ಸಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಕೇಸಿಂಗ್ ಬಿರುಕು ಬಿಟ್ಟಿಲ್ಲ, ಆಯಿಲ್ ಇಲ್ಲದೆ ಓಡಿ ಒಳಗೆಲ್ಲ ಸುಟ್ಟಿಲ್ಲ ಎಂದಾದರೆ ರಿಪೇರಿಯೇ ಸರಿ. ಎಎಂಟಿಗೂ ಇದೇ ಮಾತು. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮ ದೇಶದ ಸಾಮಾನ್ಯ ಕಾರುಗಳಿಗೆ ಬಂದ ಈ ವ್ಯವಸ್ಥೆಯಲ್ಲಿ ಒಳಗಿರುವುದು ಮಾಮೂಲಿ ಮ್ಯಾನ್ಯುವಲ್ ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಆಕ್ಚುಯೇಟರ್ ಮಾಡುತ್ತದೆ, ಅಷ್ಟೆ. ಕೆಡುವುದೂ ಹೆಚ್ಚಾಗಿ ಆ ಆಕ್ಚುಯೇಟರೋ ಕ್ಲಚ್ ಪ್ಲೇಟೋ. ಫ್ಲೈಓವರಿನ ಏರಿನಲ್ಲಿ ಬ್ರೇಕ್ ಹಿಡಿಯುವ ಬದಲು ಆಕ್ಸಿಲರೇಟರ್ ಒತ್ತಿಯೇ ಗಾಡಿ ನಿಲ್ಲಿಸಿಕೊಳ್ಳುವವರು ಎಎಂಟಿಯ ಕ್ಲಚ್ಚನ್ನು ಬಹುಬೇಗ ಸುಡುತ್ತಾರೆ.

ಸಿವಿಟಿಯದ್ದು ಬೇರೆಯೇ ಲೆಕ್ಕ. ಅದರಲ್ಲಿ ಗೇರ್‌ಗಳ ಮೆಟ್ಟಿಲಿಲ್ಲ. ಎರಡು ಪುಲ್ಲಿಗಳ ನಡುವೆ ಒಂದು ಉಕ್ಕಿನ ಬೆಲ್ಟ್. ಬೆಲ್ಟ್ ಜಾರಿ ಪುಲ್ಲಿಯ ಮೈಯಲ್ಲಿ ಗೀರು ಬಿತ್ತೆಂದರೆ ಆ ಗೀರು ಬೆಲ್ಟನ್ನು ತಿನ್ನುತ್ತದೆ, ಬೆಲ್ಟಿನ ಪುಡಿ ವಾಲ್ವ್‌ಗಳೊಳಗೆ ಹೋಗುತ್ತದೆ. ಅಲ್ಲಿಗೆ ಬಂದ ಮೇಲೆ ಬಿಡಿ ಬಿಡಿ ರಿಪೇರಿ ಮಾಡಿಸುವುದು ಹಣ ದಂಡ. ಬಾಕ್ಸ್ ಬದಲಾಯಿಸುವುದೇ ಮೇಲು. ಹಾಗಾಗಿ ಸಿವಿಟಿ ಕೊಂಡವರು ಬೆಲ್ಟ್ ಜಾರುವ ತನಕ ಕಾಯಬಾರದು. ಹೇಳಿದ ಕಿಲೋಮೀಟರಿಗೆ ಹೇಳಿದ ಆಯಿಲನ್ನೇ ಹಾಕಿಸಬೇಕು.

ಡ್ಯುಯಲ್ ಕ್ಲಚ್ ಬಾಕ್ಸ್‌ಗಳ ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. ಅತಿ ದೊಡ್ಡ ಎಸ್ಟಿಮೇಟ್‌ಗಳು ಬರುವುದು ಅಲ್ಲಿಂದಲೇ. ಫೋಕ್ಸ್‌ವ್ಯಾಗನ್ ಸಮೂಹದ ಏಳು ಗೇರಿನ ಡಿಎಸ್‌ಜಿ, ಅಂದರೆ ಡಿಕ್ಯೂ200 ಎಂಬ ಬಾಕ್ಸ್, ಒಣ ಕ್ಲಚ್‌ಗಳನ್ನು ಬಳಸುತ್ತದೆ. 2013ರಲ್ಲಿ ಕಂಪನಿ ಜಗತ್ತಿನಾದ್ಯಂತ ಇಂಥ ಬಾಕ್ಸ್ ಇರುವ ಸುಮಾರು 16 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿ, ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿಕೊಟ್ಟಿತು. ಸೆಕೆ ಮತ್ತು ತೇವ ಹೆಚ್ಚಿರುವ ಊರುಗಳಲ್ಲಿ, ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ, ಮೊದಲಿನ ಆಯಿಲಿನಿಂದ ಬಾಕ್ಸಿನ ವಿದ್ಯುತ್ ಸರಬರಾಜಿಗೇ ತೊಂದರೆಯಾಗುತ್ತಿತ್ತು. ಮಂಗಳೂರಿನ ಮೇ ತಿಂಗಳನ್ನು ನೆನೆಯಿರಿ. ಇಂಥ ಬಾಕ್ಸಿಗೆ ಅದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ. ಈ ಬಾಕ್ಸಿನ ಮಿದುಳು ಮತ್ತು ಸ್ನಾಯು ಎರಡೂ ಆಗಿರುವ ಮೆಕಾಟ್ರಾನಿಕ್ ಯೂನಿಟ್ ಹೊಸದಾಗಿ ಹಾಕಿಸಿದರೆ ಬಿಲ್ಲು ಲಕ್ಷ ದಾಟುತ್ತದೆ. ಆದರೆ ಅದರೊಳಗೆ ಹಲವು ಸಲ ಕೆಡುವುದು ಒತ್ತಡ ಸಂಗ್ರಹಿಸುವ ಅಕ್ಯುಮುಲೇಟರ್ ಕೂರುವ ಜಾಗ. ಅಲ್ಲಿ ಬಿರುಕು ಬಿಟ್ಟು ಆಯಿಲ್ ಸೋರುತ್ತದೆ. ಅದನ್ನಷ್ಟೇ ಸರಿಪಡಿಸುವ ಪರಿಣತರು ದೊಡ್ಡ ಊರುಗಳಲ್ಲಿದ್ದಾರೆ. ಅವರಿಗೆ ಗಾಡಿ ತೋರಿಸದೆ ಹೊಸ ಯೂನಿಟ್ಟಿಗೆ ಒಪ್ಪಬಾರದು.

ಫೋರ್ಡ್ ಕಂಪನಿಯ ಪವರ್‌ಶಿಫ್ಟ್ ಪ್ರಕರಣವನ್ನು ಕಾರು ಇಟ್ಟುಕೊಂಡವರೆಲ್ಲ ತಿಳಿದಿರಬೇಕು. ಆಸ್ಟ್ರೇಲಿಯಾದಲ್ಲಿ ಫೋಕಸ್, ಫಿಯೆಸ್ಟಾ, ಇಕೋಸ್ಪೋರ್ಟ್ ಕಾರುಗಳ ಡ್ಯುಯಲ್ ಕ್ಲಚ್ ಬಾಕ್ಸ್ ನಡುಗುತ್ತದೆ ಎಂದು ಗ್ರಾಹಕರು ದೂರಿದಾಗ, ‘ನೀವು ಓಡಿಸುವ ರೀತಿಯೇ ಹಾಗೆ’ ಎಂಬ ಉತ್ತರ ಅನೇಕರಿಗೆ ಸಿಕ್ಕಿತು. ಬಾಕ್ಸಿನಲ್ಲೇ ದೋಷವಿದೆ ಎಂಬುದು ಕಂಪನಿಗೆ ಗೊತ್ತಿತ್ತು. 2018ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ನಮ್ಮಲ್ಲೂ ಇಂಥ ಉತ್ತರ ಕೇಳಿ ತಲೆ ತಗ್ಗಿಸಿಕೊಂಡು ಬಿಲ್ ಕಟ್ಟಿದವರು ಕಡಿಮೆಯಿಲ್ಲ. ಸ್ವಭಾವತಃ ದೋಷವಿರುವ ಬಾಕ್ಸನ್ನು ಅದೇ ಮಾದರಿಯ ಹೊಸ ಬಾಕ್ಸಿನಿಂದ ಬದಲಾಯಿಸಿದರೆ ದೋಷವೂ ಹೊಸದಾಗಿ ಬಂದು ಕೂರುತ್ತದೆ. ಸುಧಾರಿಸಿದ ಭಾಗ ಬಂದಿದೆಯೇ, ರೀಕಾಲ್ ಆಗಿದೆಯೇ, ವಾರಂಟಿ ವಿಸ್ತರಿಸಿದ್ದಾರೆಯೇ ಎಂದು ಚಾಸಿ ನಂಬರ್ ಕೊಟ್ಟು ಲಿಖಿತವಾಗಿ ಕೇಳಿ.

ಹಾಗಾದರೆ ಸರ್ವಿಸ್ ಸೆಂಟರುಗಳು ಯಾಕೆ ಬಿಚ್ಚುವುದಿಲ್ಲ? ಅಲ್ಲಿನ ಹುಡುಗರಿಗೆ ಕೆಲಸ ಬಾರದೆಂದಲ್ಲ. ಅವರ ಕೈಗೆ ಬರುವ ಬಿಡಿಭಾಗಗಳ ಪಟ್ಟಿಯಲ್ಲೇ ಅನೇಕ ಬಾಕ್ಸ್‌ಗಳ ಒಳಭಾಗಗಳಿಗೆ ನಂಬರ್ ಇರುವುದಿಲ್ಲ, ಇರುವುದು ಅಸೆಂಬ್ಲಿ ಮಾತ್ರ. ಬಿಚ್ಚಿ ಜೋಡಿಸಿದ ಬಾಕ್ಸಿಗೆ ಗ್ಯಾರಂಟಿ ಕೊಡುವುದಕ್ಕಿಂತ ಹೊಸದನ್ನು ಕೂರಿಸುವುದು ಅವರಿಗೆ ಸುರಕ್ಷಿತ. ಹೊರಗಿನ ಮೆಕ್ಯಾನಿಕ್‌ಗೆ ಕೈ ಇದೆ, ಆದರೆ ಭಾಗ ಸಿಗುವುದಿಲ್ಲ, ಮ್ಯಾನ್ಯುವಲ್ ಸಿಗುವುದಿಲ್ಲ, ಕೋಡಿಂಗ್ ಮಾಡುವ ಸ್ಕ್ಯಾನರ್ ಸಿಗುವುದಿಲ್ಲ. 2011ರಲ್ಲಿ ಒಬ್ಬ ಗ್ರಾಹಕರು ಇದರ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗದ ಮೆಟ್ಟಿಲೇರಿದರು. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ಮ್ಯಾನ್ಯುವಲ್, ಪರೀಕ್ಷಾ ಉಪಕರಣಗಳು ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕು, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡಬಾರದು ಎಂದು ಆದೇಶಿಸಿತು. ಕಂಪನಿಗಳು ಮೇಲ್ಮನವಿ ಹಾದಿ ಹಿಡಿದವು. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೂ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಸಾಲಿನಲ್ಲಿ ಒಂದು ಆಟೊಮ್ಯಾಟಿಕ್ ಬಾಕ್ಸಿನ ಕ್ಲಚ್ ಪ್ಯಾಕ್ ಹುಡುಕಿ ಅಲೆಯುವ ಮೆಕ್ಯಾನಿಕ್ಕಿನ ಪಾಡು ಪೂರ್ತಿ ಬದಲಾಗಿಲ್ಲ. ರಿಪೇರಿ ಮಾಡಿಸುವ ಹಕ್ಕು ನಮಗಿರುವುದು ಭಾಗ ಸಿಗುವ ಅಂಗಡಿ ಇರುವವರೆಗೆ ಮಾತ್ರ. ಇದು ನನಗೆ ನಿಜವಾದ ಸಿಟ್ಟು ತರಿಸುವ ಸಂಗತಿ.

ಗುಜರಿಯಿಂದ ತಂದ ಬಾಕ್ಸ್ ಮೂರನೇ ದಾರಿ. ಅಪಘಾತವಾಗಿ ಟೋಟಲ್ ಲಾಸ್ ಆದ ಕಾರಿನಿಂದ ಬಿಚ್ಚಿದ ಒಳ್ಳೆಯ ಬಾಕ್ಸ್ ಹೊಸದರ ಕಾಲುಭಾಗ ಬೆಲೆಗೂ ಸಿಗುವುದುಂಟು. ಮ್ಯಾನ್ಯುವಲ್ ಕಾರಿಗೆ ಇದನ್ನು ಧೈರ್ಯವಾಗಿ ಯೋಚಿಸಬಹುದು. ಆದರೆ ಬಾಕ್ಸಿನ ಮೇಲಿನ ಕೋಡ್ ನಿಮ್ಮದಕ್ಕೆ ಸರಿಹೊಂದಬೇಕು. ಒಂದೇ ಹೆಸರಿನ ಕಾರಿನ ಪೆಟ್ರೋಲ್, ಡೀಸೆಲ್ ಮಾದರಿಗಳಲ್ಲಿ ಅನುಪಾತವೇ ಬೇರೆ ಇರುತ್ತದೆ. ಯಾವ ಗಾಡಿಯದು ಎಂಬುದಕ್ಕೆ ಕಾಗದ, ಅಂಗಡಿಯ ಬಿಲ್ ಇಲ್ಲದೆ ತರಬೇಡಿ. ಕದ್ದ ಗಾಡಿಯ ಭಾಗಗಳೂ ಆ ಮಾರುಕಟ್ಟೆಯಲ್ಲಿ ಓಡಾಡುತ್ತವೆ. ಆಟೊಮ್ಯಾಟಿಕ್ ಬಾಕ್ಸನ್ನು ಗುಜರಿಯಿಂದ ತರುವುದು ನನ್ನ ದೃಷ್ಟಿಯಲ್ಲಿ ಕಣ್ಣು ಮುಚ್ಚಿ ಆಡುವ ಜೂಜು.

ಈಗ ಹಣದ ಮಾತು. ‘ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಕಾರು ಮಾರಿಬಿಡಿ’ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ನಾನು ಒಪ್ಪುವುದಿಲ್ಲ. ನಿಮ್ಮ ಹತ್ತು ವರ್ಷದ ಕಾರಿಗೆ ಮಾರುಕಟ್ಟೆಯಲ್ಲಿ 1.75 ಲಕ್ಷ ಬೆಲೆ, ರಿಪೇರಿಗೆ 90,000 ರೂಪಾಯಿ ಎಂದಿಟ್ಟುಕೊಳ್ಳಿ. ಸೂತ್ರದ ಪ್ರಕಾರ ಮಾರಬೇಕು. ಮಾರಿ 9 ಲಕ್ಷದ ಹೊಸ ಕಾರು ತಂದಿರಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಜೀವಿತಾವಧಿ ತೆರಿಗೆ ಶೇ 14. ಸೆಸ್ ಬಿಟ್ಟು 1.26 ಲಕ್ಷ ರೂಪಾಯಿ ಅಲ್ಲಿಗೇ ಹೋಯಿತು. ವಿಮಾ ಕಂಪನಿಗಳು ಲೆಕ್ಕ ಹಾಕುವ ಸವಕಳಿ ಪಟ್ಟಿಯಲ್ಲಿ ಐದು ವರ್ಷಕ್ಕೆ ಕಾರಿನ ಬೆಲೆ ಅರ್ಧಕ್ಕಿಳಿಯುತ್ತದೆ, ಎಂದರೆ ವರ್ಷಕ್ಕೆ ಸರಾಸರಿ 90,000 ರೂಪಾಯಿ ಕರಗುತ್ತದೆ. ಸಾಲದ ಬಡ್ಡಿ, ಹೆಚ್ಚಿದ ವಿಮಾ ಕಂತು ಬೇರೆ. ಆ 90,000ದ ರಿಪೇರಿಯಿಂದ ಹಳೆಯ ಕಾರು ಇನ್ನೆರಡು ವರ್ಷ ಸಲೀಸಾಗಿ ಓಡಿದರೂ ಗೆದ್ದಂತೆಯೇ. ಹೋಲಿಸಬೇಕಾದದ್ದು ರಿಪೇರಿಯ ಖರ್ಚನ್ನು, ಮುಂದಿನ ಎರಡು ಮೂರು ವರ್ಷ ಓಡಾಡಲು ಬೇರೆ ದಾರಿಯಲ್ಲಿ ಎಷ್ಟು ಬೀಳುತ್ತದೆ ಎಂಬುದರ ಜೊತೆ.

ವಿಮೆ ಕೊಡುತ್ತದೆಂದು ನಂಬಿ ಕೂರಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ಯಾಂತ್ರಿಕ ವೈಫಲ್ಯಕ್ಕೆ ಪರಿಹಾರವಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ರಕ್ಷಣೆಯ ಆ್ಯಡ್-ಆನ್ ಪ್ರತ್ಯೇಕವಾಗಿ ಕೊಂಡಿದ್ದರೆ ಮಳೆನೀರು ಒಳಗೆ ಹೋಗಿ ಕೆಟ್ಟದ್ದಕ್ಕೆ, ತಳಕ್ಕೆ ಕಲ್ಲು ತಾಗಿ ಆಯಿಲ್ ಸೋರಿ ಆದ ಹಾನಿಗೆ ಹಣ ಸಿಗಬಹುದು.

ಕಾರನ್ನೇ ಬಿಡಬೇಕಾದ ಸಂದರ್ಭಗಳೂ ಇವೆ. ಗೇರ್‌ಬಾಕ್ಸಿನ ಜೊತೆ ಎಂಜಿನ್ನೂ ಹೊಗೆ ಉಗುಳುತ್ತಿದ್ದರೆ, ಕರಾವಳಿಯ ಉಪ್ಪುಗಾಳಿಗೆ ಚಾಸಿಯೇ ತುಕ್ಕು ತಿಂದಿದ್ದರೆ, 15 ವರ್ಷ ತುಂಬಿ ಆರ್‌ಸಿ ನವೀಕರಣ ಹೊಸ್ತಿಲಲ್ಲಿದ್ದರೆ ಎರಡು ಸಲ ಯೋಚಿಸಬೇಕು. ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸುವುದು ಸುರಕ್ಷತೆ. ಚಾಲಕನ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾದದ್ದು 2019ರ ಜುಲೈನಲ್ಲಿ, ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಅದೇ ವರ್ಷದ ಏಪ್ರಿಲ್‌ನಲ್ಲಿ. ಅದಕ್ಕಿಂತ ಹಿಂದಿನ ಅಗ್ಗದ ಮಾದರಿಗಳಲ್ಲಿ ಅನೇಕಕ್ಕೆ ಎರಡೂ ಇಲ್ಲ. ಪ್ರತಿ ವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯುವವರ ಅಂಥ ಕಾರಿಗೆ ಗೇರ್‌ಬಾಕ್ಸ್ ಹೊಸದಾದರೂ ನಾನು ಲಕ್ಷ ಸುರಿಯಲು ಹೇಳಲಾರೆ. ಊರೊಳಗೆ ತರಕಾರಿ, ಶಾಲೆ, ಬ್ಯಾಂಕ್ ಎಂದು ಓಡುವ ಕಾರಿಗೆ ಮನಸ್ಸು ಬೇರೆ ಹೇಳುತ್ತದೆ.

ರಿಪೇರಿಗೆ ನಿರ್ಧರಿಸಿದರೆ ಎಸ್ಟಿಮೇಟನ್ನು ಎರಡು ಹಂತದಲ್ಲಿ ಬರೆಸಿ: ಇಳಿಸಿ ಬಿಚ್ಚಿ ನೋಡಲು ಇಷ್ಟು, ನೋಡಿದ ಮೇಲೆ ನಿಮ್ಮ ಒಪ್ಪಿಗೆ ಪಡೆದು ಭಾಗಗಳಿಗೆ ಇಷ್ಟು. ತೆಗೆದ ಭಾಗಗಳನ್ನು ಕೇಳಿ ಪಡೆಯಿರಿ. ಎಷ್ಟು ತಿಂಗಳ ಗ್ಯಾರಂಟಿ ಎಂಬುದು ಬಿಲ್ಲಿನಲ್ಲಿರಲಿ. ಮೋಸ ಹೋದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅಲ್ಲಿ ನಡೆಯುವುದು ಕಾಗದದ ಮಾತೇ ಹೊರತು ಬಾಯಿ ಮಾತಲ್ಲ. ಇನ್ನು ಆಯಿಲ್: ಕೆಲವು ಕಾರು ಕಂಪನಿಗಳು ಆಟೊಮ್ಯಾಟಿಕ್ ಬಾಕ್ಸಿನ ಆಯಿಲ್ ‘ಲೈಫ್‌ಟೈಮ್’ ಎನ್ನುತ್ತವೆ. ಅಂಥ ಬಾಕ್ಸ್‌ಗಳನ್ನು ತಯಾರಿಸುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ ಅಥವಾ ಎಂಟು ವರ್ಷಕ್ಕೆ ಆಯಿಲ್ ಬದಲಾಯಿಸಿ ಎನ್ನುತ್ತದೆ. ತಯಾರಿಸಿದವರ ಮಾತನ್ನು ನಂಬಿ.

ಮಾರುವುದೆಂದೇ ತೀರ್ಮಾನಿಸಿದವರೂ ಪರೀಕ್ಷೆ ಮಾಡಿಸಿಯೇ ಮಾರಲಿ. ಗೇರ್‌ಬಾಕ್ಸ್ ಕೆಟ್ಟ ಕಾರನ್ನು ಹಾಗೇ ಒಯ್ದರೆ ಹಳೆ ಕಾರಿನ ಡೀಲರ್ ಒಳಗೆ ಏನಿದೆಯೋ ಎಂಬ ಅನುಮಾನದ ಬೆಲೆಯನ್ನೂ ಸೇರಿಸಿ ಕಳೆಯುತ್ತಾನೆ, ಹೊಸ ಅಸೆಂಬ್ಲಿಯ ಲೆಕ್ಕದಲ್ಲೇ ಚೌಕಾಸಿಗಿಳಿಯುತ್ತಾನೆ. ಸಿಂಕ್ರೊ ರಿಂಗ್ ಸವೆದಿದೆ, ಇಷ್ಟು ಖರ್ಚು ಬರುತ್ತದೆ ಎಂದು ಗ್ಯಾರೇಜಿನವರು ಬರೆದುಕೊಟ್ಟ ಚೀಟಿ ಕೈಯಲ್ಲಿದ್ದರೆ ಅಷ್ಟನ್ನೇ ಕಳೆಯಿರಿ ಎಂದು ಪಟ್ಟು ಹಿಡಿಯಬಹುದು. ದಪ್ಪ ಆಯಿಲ್ ಹಾಕಿ ಸದ್ದಡಗಿಸಿ, ಕೋಡ್ ಅಳಿಸಿ, ಮುಚ್ಚಿಟ್ಟು ಮಾರುವ ಉಪಾಯ ಹೇಳಿಕೊಡುವವರು ಸಿಗುತ್ತಾರೆ. ಆ ಕಾರನ್ನು ಕೊಳ್ಳುವವರು ಬಹುಮಟ್ಟಿಗೆ ಮೊದಲ ಬಾರಿಗೆ ಮನೆಗೆ ಕಾರು ತರುತ್ತಿರುವ, ಕೂಡಿಟ್ಟ ಹಣವನ್ನೆಲ್ಲ ಅದಕ್ಕೇ ಹಾಕಿದ ಕುಟುಂಬದವರು. ಚೀಟಿಯನ್ನು ಅವರ ಕೈಗೂ ಕೊಡಿ.